ಜಾಡಿಯ ದನಿ ಕೇಳುವ ಮಣೆ

ನಮ್ಮ ಮನೆಯ ಎದುರುಸಾಲಿನಲ್ಲಿ ಜಾಡಿ ಮಾಡುವವರ ಮನೆಯಿತ್ತು. ಐದು ತಲೆಮಾರಿನಿಂದ ಅವರದು ಅದೇ ಕೆಲಸ: ಮೆರುಗು ಹಚ್ಚಿ ಸುಟ್ಟ ಜೇನುಬಣ್ಣದ ಜಾಡಿಗಳು. ಒಳಗೆ ಕಾಲಿಟ್ಟರೆ ಬಲಗಡೆ ಮಣ್ಣು ತಿರುಗಿಸುವ ತಿಗರಿ, ಎಡಗಡೆ ಹಲಗೆಗಳ ಮೇಲೆ ಒಣಗುತ್ತಿರುವ ಹಸಿ ಜಾಡಿಗಳು, ಹಿತ್ತಲಿನಲ್ಲಿ ಸುಡುವ ಆವಿಗೆ. ಆವಿಗೆಯ ಬಾಯಿಯ ಪಕ್ಕದಲ್ಲೊಂದು ಗಿಡ್ಡ ಮಣೆ. ಕೂತು ಕೂತು ಅದರ ನಡುಭಾಗ ತಗ್ಗಾಗಿತ್ತು.

ಆ ಮಣೆಯ ಮೇಲೆ ಮನೆಯ ಹಿರಿಯರು ಮಾತ್ರ ಕೂರುತ್ತಿದ್ದರು. ಸುಟ್ಟು ಆರಿದ ಪ್ರತಿಯೊಂದು ಜಾಡಿಯನ್ನೂ ಅಂಚು ಹಿಡಿದೆತ್ತಿ, ಬೆರಳ ಗೆಣ್ಣಿನಿಂದ ಬಡಿದು, ದನಿ ಕೇಳುತ್ತಿದ್ದರು. 'ಟಣ್' ಎಂದರೆ ಗಟ್ಟಿ ಜಾಡಿ, ಅದು ಮಾರಾಟಕ್ಕೆಂದು ಹಾಸಿದ ಹುಲ್ಲಿನ ಮೇಲೆ. 'ಟಪ್' ಎಂದರೆ ಕಣ್ಣಿಗೆ ಕಾಣದ ಬಿರುಕು ಒಳಗಿದೆ ಎಂದರ್ಥ. ಅಂಥದ್ದನ್ನು ಮಣೆಯ ಮೇಲಿದ್ದವರೇ ಕೈಯಾರೆ ಒಡೆಯಬೇಕು. ತಮ್ಮ ಮನೆಯ ಜಾಡಿ ಸೋರಿತೆಂಬ ಮಾತು ಬರಬಾರದೆಂದು ಮುತ್ತಜ್ಜನ ಕಾಲದಿಂದ ನಡೆದುಬಂದ ಕಟ್ಟುಪಾಡು ಅದು.

ನಾನು ಕಂಡ ಕಾಲದಲ್ಲಿ ಮಣೆಯ ಮೇಲಿದ್ದವನನ್ನು ಬೀದಿಯ ಮಕ್ಕಳೆಲ್ಲ ಟಣ್‌ಮಾಮ ಎನ್ನುತ್ತಿದ್ದರು. ಶಾಲೆಯಲ್ಲಿ ಪಾಠ ಹೇಳಿ ಬರುವಾಗ ನಾನು ಅವನ ಹತ್ತಿರ ಕೂತು ಹರಟುವುದಿತ್ತು. ನಾನು ಹತ್ತು ಮಾತಾಡಿದರೆ ಎಂಟಕ್ಕೆ ಅವನ ಉತ್ತರ "ಹೂಂ ಮೇಷ್ಟ್ರೇ" ಅಷ್ಟೇ. ನನ್ನ ಮಾತು ಅಷ್ಟು ಸಪ್ಪೆಯಿರಬೇಕು ಎಂದುಕೊಂಡಿದ್ದೆ. ಅವನ ಮಗಳು ಎದುರಿಗೆ ನಿಂತು ಜಾಡಿ ಎತ್ತಿಕೊಡುತ್ತಿದ್ದಳು. ತಿಗರಿಯ ಮೇಲೆ ಅವಳ ಕೈಯೂ ಅಪ್ಪನಷ್ಟೇ ಚುರುಕು.

ಒಮ್ಮೆ ಎಣ್ಣೆ ಅಂಗಡಿಯವರಿಗೆ ನಲವತ್ತು ಜಾಡಿ ಕೊಡಬೇಕಾಗಿತ್ತು. ರಜಾದಿನ, ಬೆಳಗ್ಗೆ ಆವಿಗೆ ಬಿಚ್ಚಿದರು; ನಾನೂ ಹೋಗಿ ಕೂತಿದ್ದೆ. ಬೂದಿಯ ಧೂಳಿಗೆ ಕೆಮ್ಮು ಬರುತ್ತದೆಂದು ಮಗಳು ಅಂದು ಮೂಗುಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ದಳು. ಟಣ್‌ಮಾಮ ಮೊದಲ ಜಾಡಿ ಬಡಿದು ಅವಳ ಕಡೆ ನೋಡಿದ. ಮತ್ತೆ ಬಡಿದ, ಮತ್ತೆ ನೋಡಿದ. ಕೊನೆಗೆ ಹುಲ್ಲಿನ ಮೇಲಿಟ್ಟ. ಎರಡನೆಯದಕ್ಕೂ ಹಾಗೆಯೇ. ಮೂರನೆಯದು 'ಟಪ್' ಎಂದಿತು. ನನ್ನಂಥ ಹೊರಗಿನವನಿಗೂ ಗೊತ್ತಾಯಿತು. ಅವನು ಅದನ್ನೂ ಹುಲ್ಲಿನ ಮೇಲಿಟ್ಟ.

"ಅಪ್ಪಾ, ಅದು ಒಡಕು," ಎಂದಳು ಮಗಳು.

ಅವನು ನಾಲ್ಕನೆಯದಕ್ಕೆ ಕೈ ಚಾಚಿದ.

"ಅಪ್ಪಾ!"

ಅವಳು ಬಟ್ಟೆ ಕೆಳಗೆಳೆದು ಅವನ ಭುಜ ಹಿಡಿದಳು. ಅವನು ಸಿಡುಕಿದ: "ಮುಖಕ್ಕೆ ಬಟ್ಟೆ ಕಟ್ಕೊಂಡು ನಿಂತ್ರೆ ನಂಗೆ ಹೇಗಮ್ಮ ಕೇಳಿಸ್ಬೇಕು?"

ಅಂದ ಮೇಲೆ, ತಾನು ಏನೆಂದೆನೆಂದು ಅವನಿಗೇ ಹೊಳೆಯಿತು. ಬಿರುಕಿನ ದನಿ ಕೇಳಿದೊಡನೆ ಅವಳ ತುಟಿ ಒಂದಿಷ್ಟು ಸೊಟ್ಟಗಾಗುತ್ತಿತ್ತು. ಇಷ್ಟು ದಿನ ಅವನು ಜಾಡಿ ಬಡಿದು ನೋಡುತ್ತಿದ್ದುದು ಆ ತುಟಿಯನ್ನು.

ಅವಳು ಅವನ ಕಿವಿಯ ಬಳಿ ಬಾಗಿದಳು. "ಎಷ್ಟು ದಿನದಿಂದ?"

"ಹನ್ನೊಂದು ಆವಿಗೆ ಸುಟ್ಟಾಯ್ತು."

"ಹೇಳ್ಬಾರದಿತ್ತಾ?"

"ಹೇಳಿದ್ರೆ ಮಣೆ ಬಿಡ್ಬೇಕಲ್ಲ. ಆಮೇಲೆ ಈ ಮನೇಲಿ ನಂಗೇನು ಕೆಲಸ?"

"ಅದಕ್ಕೇ ನನ್ನ ಮೂತಿ ನೋಡ್ಕೊಂಡು ಕೂರ್ತಿದ್ಯಾ? ಮಗಳು ಚೆಂದ ಇದ್ದಾಳೆ ಅಂತ ನೋಡ್ತಾನೆ ಅಂದ್ಕೊಂಡಿದ್ದೆ!"

ಅವನಿಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿದ ಮೇಲೆ ಹುಲ್ಲಿನ ಮೇಲಿದ್ದ ಆ ಮೂರನೆಯ ಜಾಡಿಯನ್ನು ಸ್ವಲ್ಪ ಹೊತ್ತು ನೋಡಿದ. ಮೊಣಕಾಲಿಗೆ ಕೈಕೊಟ್ಟು ಎದ್ದ. ಮಣೆಯನ್ನು ಹೆಗಲವಸ್ತ್ರದಿಂದ ಒರೆಸಿ, "ಕೂತ್ಕೋ" ಎಂದ.

ಅವಳು ಕೂತಳು. ಮೊದಲಿನೆರಡನ್ನು ಮತ್ತೆ ಬಡಿದು ಹುಲ್ಲಿಗೇ ಮರಳಿಸಿದಳು. ಮೂರನೆಯದು ಮತ್ತೆ 'ಟಪ್' ಎಂದಿತು. ಅದು ಅಪ್ಪ ತಿಗರಿಯಲ್ಲಿ ಮಾಡಿದ ಜಾಡಿ. ಅಂಥ ಕೊರಳು ತಿರುವುವುದು ಅವನಿಗೊಬ್ಬನಿಗೇ ಬರುತ್ತಿತ್ತು. ಅವಳು ಅದನ್ನು ಒಡೆಯದೆ ತೊಡೆಯ ಮೇಲಿಟ್ಟುಕೊಂಡಳು. ಅವನು ಜಾಡಿ ಒಡೆಯುವ ಕಬ್ಬಿಣದ ಸರಳನ್ನು ಕಾಲಿನಿಂದ ಅವಳತ್ತ ಸರಿಸಿದ.

ಜಾಡಿ ಒಡೆದು ಚೂರಾಯಿತು.

"ಇದು ಕೇಳಿಸ್ತು ನೋಡು," ಎಂದ ಟಣ್‌ಮಾಮ. ನಾಲ್ಕನೆಯ ಜಾಡಿಯನ್ನು ಎರಡೂ ಕೈಯಲ್ಲಿ ಎತ್ತಿ ಮಗಳಿಗೆ ಕೊಟ್ಟ. ಆಮೇಲೆ ನನ್ನ ಕಡೆ ತಿರುಗಿ, "ಮೇಷ್ಟ್ರೇ, ಹನ್ನೊಂದು ಆವಿಗೆಯಿಂದ ನೀವು ಏನೇನು ಹೇಳಿದ್ರೋ, ಇನ್ನೊಂದ್ಸಲ ಗಟ್ಟಿಯಾಗಿ ಹೇಳಿ," ಎಂದ.