ಮೊಣಕೈವರೆಗಿನ ಮಸಿ

ನಾನು ಓದಿದ್ದು ಮೂರನೇ ಕ್ಲಾಸು. ಬರೆದು ಅಭ್ಯಾಸವಿಲ್ಲ. ಆದರೆ ಇದನ್ನು ಬಾಯಿಬಿಟ್ಟು ಹೇಳಲು ನಲವತ್ತು ವರ್ಷವಾದರೂ ಆಗಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಎಂಬತ್ತನೇ ಇಸವಿಯ ಆಸುಪಾಸು. ಗೆಟ್ಟವಾಡಿಗೆ ಕೊಟ್ಟಿದ್ದ ನನ್ನ ತಂಗಿ ಚೊಚ್ಚಲ ಹೆರಿಗೆಗೆ ತಿಗನಾರೆಯ ನಮ್ಮ ಮನೆಗೆ ಬಂದಿದ್ದಳು. ಬಾಣಂತಿ ಕೋಣೆಯ ಮೂಲೆಯಲ್ಲೇ ನೀರೊಲೆ. ಹೊಗೆ ಹೋಗಲೆಂದು ಅಪ್ಪ ಇದ್ದಾಗ ಹಾಕಿಸಿದ್ದ ತಗಡಿನ ಪೈಪು ಒಲೆಯಿಂದ ಎದ್ದು, ಬಿದಿರ ಗಳುಗಳ ನಡುವೆ ಹೆಂಚು ದಾಟಿ ಹೊರಗೆ ಹೋಗುತ್ತಿತ್ತು. ಆ ವರ್ಷ ಆನೆಗಳು ಇಳಿದಿದ್ದರಿಂದ ಕಾಡಿನ ಒಣಸೌದೆ ಇಲ್ಲ. ಬೇಲಿಯ ಹಸಿಗಿಡ ಕಡಿದು ಉರಿಸುತ್ತಿದ್ದೆವು. ಹಸಿಸೌದೆಯ ಹೊಗೆ ಪೈಪಿನೊಳಗೆ ಡಾಂಬರಿನ ಹಾಗೆ ಮೆತ್ತಿಕೊಳ್ಳುತ್ತದೆ, ಜಾಸ್ತಿ ಕಾದರೆ ಹೊತ್ತಿಕೊಳ್ಳುತ್ತದೆ. ಹಗ್ಗಕ್ಕೆ ಕಲ್ಲು, ಮುಳ್ಳಿನ ಕಂತೆ ಕಟ್ಟಿ ಮಾಡಿನ ಮೇಲಿಂದ ಪೈಪಿನೊಳಗೆ ಇಳಿಬಿಟ್ಟು ಎಳೆದಾಡಬೇಕು. ಆ ಕೆಲಸ ನನ್ನದು.

ಅದನ್ನು ಹೆರಿಗೆಗೆ ಮುಂಚೆಯೇ ಮಾಡಬೇಕಿತ್ತು. ನಮ್ಮ ಮನೆತನದಲ್ಲಿ ಮಗು ಹುಟ್ಟಿದ ಮೇಲೆ ಹದಿಮೂರು ದಿನ ಬಾಣಂತಿಯ ಒಲೆ ಆರಿಸುವಂತಿಲ್ಲ. ಉರಿಯುವ ಒಲೆಯ ಪೈಪು ಉಜ್ಜಲಾಗದು.

"ಅಕ್ಕಾ, ಪೈಪ್ ಉಜ್ಜುದ್ಯಾ?" ತಂಗಿ ಮಲಗಿದ್ದಲ್ಲಿಂದಲೇ ಮೂರು ಸಲ ಕೇಳಿದಳು.

"ರಾಣಿಯಮ್ಮಾ, ಒಟ್ಟೆ ಒತ್ಕಂಡು ನೀನೇ ಮಾಡಿನ್ ಮ್ಯಾಕೆ ಅತ್ತು. ನಾನು ಅಗ್ಗ ಕೊಡ್ತೀನಿ," ಅಂದೆ.

"ಅತ್ತುದ್ರೆ ಅಲ್ಲೇ ಎರ್ತೀನಿ ಕಣಕ್ಕ. ಕೂಸ್ನ ನೀನೇ ಇಳುಸ್ಕೊಬೇಕು," ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ಮನೆಗೆಲಸವೆಲ್ಲ ನನ್ನ ಮೇಲೆ ಬಿದ್ದಿತ್ತು, ಸಿಟ್ಟಿತ್ತು. ಒಲೆಬಾಯಿಯ ಮಸಿಯನ್ನಷ್ಟೇ ಬಳಿದು, ಅದನ್ನೇ ಮೊಣಕೈವರೆಗೆ ಹಚ್ಚಿಕೊಂಡು ಹೋಗಿ ತೋರಿಸಿದೆ. "ನೋಡ್ಕೊ, ಉಜ್ಜಿವ್ನಿ."

ಮಾರನೆಯ ದಿನವೇ ಅವಳಿಗೆ ನೋವು ಬಂತು. ಗಂಡುಮಗು. ಒಲೆ ಹೊತ್ತಿತು.

ಆ ದಿನಗಳ ಹೆದರಿಕೆ ಈಗಲೂ ಮೈಯಲ್ಲಿದೆ. ಪೈಪಿನೊಳಗೆ ಚಿಟಪಟ ಅಂದರೆ ಒಲೆಯ ಸೌದೆ ಹಿಂದಕ್ಕೆಳೆಯುತ್ತಿದ್ದೆ. ಒಮ್ಮೆ ಪೈಪಿನ ಬೆಸುಗೆಯಿಂದ ಕರಿಹನಿ ಜಾರಿ ತೊಟ್ಟಿಲ ಪಕ್ಕದ ಗೋಡೆಗೆ ಇಳಿಯಿತು. ಅವ್ವ ನೋಡುವ ಮೊದಲೇ ಸೆರಗಿನಲ್ಲಿ ಒರೆಸಿದೆ. ಸುಳ್ಳು ಹೇಳಿದೆ ಅಂತ ಒಂದು ಮಾತು ಅಂದಿದ್ದರೆ ಅವ್ವ ಶಾಸ್ತ್ರ ಬಿಟ್ಟು ಒಲೆ ಆರಿಸುತ್ತಿದ್ದಳು. ಅನ್ನಲಿಲ್ಲ. ದಿನ ಎಣಿಸಿದೆ.

ಒಂಬತ್ತನೆಯ ದಿನ ಬೆಳಿಗ್ಗೆ, ನೀರು ಕಾಯುವಾಗ, ಪೈಪು ಗುಟುರು ಹಾಕಿತು. ನೋಡುತ್ತಿದ್ದಂತೆ ತಗಡು ಕೆಂಪಗಾಯಿತು. ಮೇಲಿನ ಬಿದಿರು ಹೊಗೆಯಾಡಿತು. ನಾನು ಚೆಂಬು ಹಿಡಿದು ನಿಂತೇ ಇದ್ದೆ. ತಂಗಿಯೇ ಮಗುವನ್ನು ಎದೆಗವಚಿಕೊಂಡು ಎದ್ದಳು. ಓಡುವಾಗ ಅವಳ ಮೊಣಕೈ ಪೈಪಿಗೆ ತಾಗಿತು. ಚರ್ಮ ಸುಟ್ಟ ವಾಸನೆ ಬಂತು. ಅವ್ವ ಓಡಿಬಂದು ಒದ್ದೆ ಗೋಣಿಚೀಲ ಒಲೆಬಾಯಿಗೆ ತುರುಕಿದಳು. ಗಾಳಿ ಸಿಗದೆ ಗುಟುರು ನಿಧಾನಕ್ಕೆ ಅಡಗಿತು.

ಮಗುವಿಗೆ ಏನೂ ಆಗಿರಲಿಲ್ಲ.

"ಯಾವ್ ಮುಂಡೆ ಕಣ್ಣು ಬಿತ್ತೋ!" ಅವ್ವ ಜಗಲಿಯಲ್ಲಿ ಉಪ್ಪು, ಮೆಣಸಿನಕಾಯಿ ಹಿಡಿದು ತಾಯಿ ಮಗುವಿಗೆ ದೃಷ್ಟಿ ತೆಗೆದಳು.

"ಅಕ್ಕಂಗೂ ತಗಿಯವ್ವ," ತಂಗಿ ನರಳುತ್ತಲೇ ಅಂದಳು. "ಮೊಣಕೈ ಗಂಟ ಮಸಿ ಮಾಡ್ಕಂಡು ಉಜ್ಜವ್ಳೆ. ಉಜ್ಜಿದ್ ಪೈಪು ಅತ್ಕತದೆ ಅಂದ್ರೆ ಕಣ್ಣಲ್ದೆ ಇನ್ನೇನು?"

ಅವ್ವ ನನ್ನೆದುರು ಬಂದು ನಿಂತಳು. ಉಪ್ಪಿನ ಮುಷ್ಟಿ ನನ್ನ ತಲೆಯ ಸುತ್ತ ಮೂರು ಸಲ ತಿರುಗಿತು.

"ಮೂರ್ ಸಲ ಉಗಿ ಕಣಮ್ಮಿ," ಅಂದಳು.

ಬಾಯಲ್ಲಿ ಪಸೆ ಇರಲಿಲ್ಲ. ಉಗಿದ ಹಾಗೆ ಮಾಡಿದೆ.