ಅಕ್ಕನ ಪಾಳಿಯ ಬೆಳಕು

ಮೂರನೆಯ ಇಯತ್ತೆಗೇ ಶಾಲೆ ಬಿಟ್ಟ ನನಗೆ ಚೆನ್ನಾಗಿ ಗೊತ್ತಿದ್ದ ವಿದ್ಯೆಯೆಂದರೆ ಹೊಲಕ್ಕೆ ನೀರು ಹಾಯಿಸುವುದೊಂದೇ. ಅಕ್ಕನಿಗೆ ನಾನು ಮಾಡಿದ ತಪ್ಪು ಹುಟ್ಟಿದ್ದೂ ಅದರಿಂದಲೇ.

ಗೋಕಾಕದ ನಮ್ಮ ಮನೆಯಲ್ಲಿ ಓಣಿಯ ಕಡೆಯ ಅರ್ಧ ನನ್ನದು, ಹಿತ್ತಿಲ ಕಡೆಯ ಅರ್ಧ ಅಕ್ಕನದು. ಗಂಡ ತೀರಿಕೊಂಡ ಮೇಲೆ ಅವಳು ಅಲ್ಲಿ ಕೈಮಶೀನಿನಲ್ಲಿ ಕುಪ್ಪಸ ಹೊಲಿದು ಬದುಕುತ್ತಿದ್ದಳು. ಕಂದೀಲಿನ ಬೆಳಕಿನಲ್ಲಿ ಸೂಜಿಗೆ ದಾರ ಪೋಣಿಸುವುದೇ ಅವಳಿಗೆ ಕಷ್ಟವಾಗಿತ್ತು. ಕರೆಂಟಿನ ಕಂಬ ನೆಟ್ಟಾಗ ಇಡೀ ಓಣಿಯಲ್ಲಿ ಅವಳಷ್ಟು ಹಿಗ್ಗಿದವರಿಲ್ಲ.

ಗೋಡೆಯ ತನಕ ತಂತಿ ತರುವುದು ತಮ್ಮ ಕೆಲಸ, ಒಳಗಿನದು ಮನೆಯವರದು, ಇಬ್ಬರೂ ಒಪ್ಪಿದರೆ ಒಂದೇ ತಂತಿಯಿಂದ ಎರಡೂ ಪಾಲಿಗೆ ದೀಪ ಕೊಡುತ್ತೇವೆ ಎಂದು ಕರೆಂಟಿನ ಕಂಪನಿಯ ಮನುಷ್ಯ ಬಂದು ಹೇಳಿದ. ತಂತಿ ನನ್ನ ಗೋಡೆಗೇ ಬರಬೇಕಿತ್ತು. ಕಾಲುವೆ ಮೊದಲು ಮುಟ್ಟಿದ ಹೊಲದವರು ಹಾಯಿಸಿಕೊಂಡ ಮೇಲೆಯೇ ಮುಂದಿನವರ ಪಾಳಿ. ಅದು ನಮ್ಮ ಕಡೆಯ ರೀತಿ. ಹಾಗಾಗಿ ಎರಡೂ ಪಾಲಿನ ಸ್ವಿಚ್ಚುಗಳು ನನ್ನ ಪಡಸಾಲೆಯಲ್ಲೇ ಇರಬೇಕೆಂದು ಪಟ್ಟು ಹಿಡಿದೆ. ಎಲ್ಲಾದರೂ ಇರಲಿ, ದೀಪ ಹತ್ತಿದರೆ ಸಾಕೆಂದಳು ಅಕ್ಕ.

ದೀಪ ಹತ್ತಿದ ಸಂಜೆ ಎಲ್ಲರೂ ಕೈಮುಗಿದೆವು. ಆಮೇಲೆ ನಾನು ಹಿತ್ತಿಲಿಗೆ ಹೋಗಿ ಅಕ್ಕನ ಬಲ್ಬು ನೋಡಿದೆ. ನನ್ನದಕ್ಕಿಂತ ಅದೇ ಹೆಚ್ಚು ಬೆಳಗುತ್ತಿದೆ ಅನಿಸಿತು. ಅವಳ ಕೋಣೆಗೆ ಹೊಸದಾಗಿ ಸುಣ್ಣ ಬಳಿದಿತ್ತು, ನನ್ನ ಪಡಸಾಲೆ ಹೊಗೆ ಹಿಡಿದು ಕಪ್ಪಾಗಿತ್ತು. ಆ ವಿಚಾರ ತಲೆಗೆ ಹೊಳೆಯಲಿಲ್ಲ. ತಗ್ಗಿನ ಹೊಲ ನೀರೆಳೆದಂತೆ ಅಕ್ಕನ ಮನೆ ನನ್ನ ಬೆಳಕು ಎಳೆಯುತ್ತಿದೆ ಎಂದುಕೊಂಡು ಅವಳ ಸ್ವಿಚ್ಚು ಬಂದ್ ಮಾಡಿದೆ. ಈಗ ನಮ್ಮ ಬಲ್ಬು ಜೋರಾಯಿತು ನೋಡು ಎಂದು ಹೆಂಡತಿಗೆ ತೋರಿಸಿದೆ. ಅವಳು ಬಲ್ಬನ್ನು ಬಿಟ್ಟು ನನ್ನನ್ನೇ ನೋಡಿದಳು.

ಅಂದಿನಿಂದ ನನ್ನ ಊಟ ಮುಗಿಯುವ ತನಕ ಅಕ್ಕನ ಪಾಳಿ ಬರುತ್ತಿರಲಿಲ್ಲ. ಕೇಳಿದರೆ, ಕಂಪನಿಯವರದೇ ಏನೋ ಕೆಟ್ಟಿದೆ ಎನ್ನುತ್ತಿದ್ದೆ. ಅವಳು ನಂಬಿ ಕಂಪನಿಗೆ ಹೇಳಿಕಳಿಸಿದಳು. ಆ ಮನುಷ್ಯ ಬಿಸಿಲಿನಲ್ಲಿ ಕಂಬ ಹತ್ತಿದ, ಇಳಿದ, ಮತ್ತೆ ಹತ್ತಿದ. ನಾನು ಏಣಿ ಹಿಡಿದು ನಿಂತೆ, ಮಜ್ಜಿಗೆಯನ್ನೂ ಕೊಟ್ಟೆ. ಅಷ್ಟರಲ್ಲಿ ಒಬ್ಬ ಮದುಮಗಳ ಕುಪ್ಪಸ ಹಿಂದಕ್ಕೆ ಬಂತು. ಕಂದೀಲಿನ ಬೆಳಕಿನಲ್ಲಿ ಹೊಲಿದು ಅಕ್ಕ ಎರಡು ತೋಳನ್ನೂ ಒಂದೇ ಕೈಗೆ ಆಗುವಂತೆ ಮಾಡಿಬಿಟ್ಟಿದ್ದಳು. ಆ ಮನೆಯವರು ಮದುವೆಯ ಉಳಿದ ಬಟ್ಟೆಯನ್ನೆಲ್ಲ ಬೇರೆಯವರಿಗೆ ಕೊಟ್ಟರು.

ಒಂದು ಸಂಜೆ ಕಂಪನಿಯವನು ಹೇಳದೆ ಬಂದ, ಬೆನ್ನಿಗೇ ಅಕ್ಕ. ನನ್ನ ಕೈ ಅವಳ ಸ್ವಿಚ್ಚಿನ ಮೇಲೇ ಇತ್ತು. ಬೇರೆ ದಾರಿ ಕಾಣದೆ ಪಾಳಿಯ ಸಂಗತಿ ಹೇಳಿದೆ.

"ಇದು ಕಾಲುವಿ ಅಲ್ರಿ ಯಜಮಾನ್ರ," ಎಂದ ಅವನು. "ಆಕಿ ದೀಪ ಆರಿಸಿದ್ರ ನಿಮ್ಮದೇನ ಹೆಚ್ಚಾಗಂಗಿಲ್ಲ. ಕಂಬ ಹತ್ತಿ ಹತ್ತಿ ನನ್ನ ಮೊಣಕಾಲಷ್ಟ ಹ್ವಾದ್ವು."

ಅಕ್ಕ ಬೈಯಲಿಲ್ಲ. "ಪಾಳಿ ಐತಿ ಅಂತ ಮೊದಲ ಹೇಳಿದ್ರ, ತಮ್ಮಾ, ಆ ಕುಪ್ಪಸ ಹಗಲಿನ್ಯಾಗ ಮುಗಿಸ್ತಿದ್ನಿ," ಎಂದಳು.

ಎರಡೂ ಸ್ವಿಚ್ಚುಗಳಿದ್ದ ಹಲಗೆಯನ್ನು ಅವಳ ಕೋಣೆಗೆ ಸರಿಸಲು ನಾನೇ ಹೇಳಿದೆ. ಆಮೇಲೆ ಸಂಜೆಯಾದರೆ ನನ್ನ ದೀಪ ಯಾವಾಗ ಆರೀತೆಂದು ಕಾಯುತ್ತ ಕೂಡುತ್ತಿದ್ದೆ. ಆರಲೇ ಇಲ್ಲ. ಅವಳು ಒಮ್ಮೆ ಆರಿಸಿದ್ದರೂ ನನ್ನ ಎದೆ ಹಗುರಾಗುತ್ತಿತ್ತು. ಕೊನೆಗೆ ನಾನೇ ಅವಳ ಬಾಗಿಲಿಗೆ ಹೋಗಿ, "ಅಕ್ಕಾ, ಒಂದ್ ಸಲ ನಮ್ಮದೂ ಬಂದ್ ಮಾಡಿಬಿಡು," ಎಂದೆ.

"ಯಾಕೋ, ಇಷ್ಟ ಲಗೂನ ನಿದ್ದಿ ಬಂತೇನು?" ಎಂದು ಅವಳು ಮಶೀನು ತಿರುಗಿಸತೊಡಗಿದಳು.