ಮಾವಿನ ವಾಸನೆಯ ಔಷಧ

ಸೀಟಿ ಊದಿದೆ. ಸದ್ದು ಬರಲಿಲ್ಲ.

ಮತ್ತೊಮ್ಮೆ ಊದಿದೆ. 'ಫುಸ್' ಎಂದಿತು, ಸೈಕಲ್ ಟ್ಯೂಬಿನ ಗಾಳಿ ಬಿಟ್ಟ ಹಾಗೆ. ವಾಲಿಬಾಲ್ ನೆಟ್ಟಿನ ಎರಡೂ ಕಡೆ ನಿಂತಿದ್ದ ಒಂಬತ್ತನೇ ಕ್ಲಾಸಿನ ಹುಡುಗಿಯರು ನನ್ನ ಮುಖ ನೋಡಿದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು.

"ಸೀಟಿ ಕೆಟ್ಟದ" ಎಂದೆ.

ಟೀಮಿನ ಕ್ಯಾಪ್ಟನ್ ಅದನ್ನು ಇಸಿದುಕೊಂಡು, ದುಪಟ್ಟಾದ ತುದಿಯಿಂದ ಒರೆಸಿ ಊದಿದಳು. ಮಳಖೇಡದ ತನಕ ಕೇಳುವಂಥ ಸದ್ದು!

"ಚಲೋ ಅದ ರಿ ಸರ್" ಎಂದು ವಾಪಸ್ ಕೊಟ್ಟಳು.

ಸೀಟಿ ಚಲೋ ಇದ್ದರೆ ಕೆಟ್ಟಿದ್ದು ಯಾವುದು?

ನಿಮಗೆ ಗೊತ್ತೇ ಇದೆ, ನಾನು ಸೇಡಂ ಹತ್ತಿರದ ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರ. (ಪಿ.ಟಿ. ಮಾಸ್ತರನಿಗೆ ಅಂಕಣ ಯಾಕೆ ಎಂದು ಶುರುವಿನಲ್ಲಿ ಪತ್ರ ಬರೆದವರು ಈಗ ಸುಮ್ಮನಾಗಿದ್ದಾರೆ. ಅವರಿಗೆ ಶರಣು.) ಮಕ್ಕಳಿಗೆ 'ದೀರ್ಘವಾಗಿ ಉಸಿರು ಎಳಿ, ನಿಧಾನ ಬಿಡು' ಎಂದು ಹೇಳಿಕೊಡುವುದೇ ನನ್ನ ನೌಕರಿ. ನಿಮಗೆ ಗೊತ್ತಿಲ್ಲದ್ದೂ ಒಂದಿದೆ. ಹದಿನೆಂಟು ವರ್ಷ ನಾನು ಸಿಗರೇಟು ಸೇದಿದವನು.

ಅದನ್ನು ಬಿಟ್ಟು ಎರಡು ವರ್ಷವಾಗಿತ್ತು. ಬಿಟ್ಟೆ ಎನ್ನುವುದಕ್ಕಿಂತ ಬದಲಿಸಿದೆ ಎನ್ನಬೇಕು. ಹೈದರಾಬಾದಿನಲ್ಲಿರುವ ಗೆಳೆಯನೊಬ್ಬ ಒಂದು ವೇಪ್ ಕೊಟ್ಟಿದ್ದ. ನೋಡಲು ದಪ್ಪ ಪೆನ್ನಿನ ಹಾಗೆ. ಬ್ಯಾಟರಿಯಲ್ಲಿ ನಡೆಯುತ್ತದೆ. ಎಳೆದರೆ ಮಾವಿನ ಹಣ್ಣಿನ ವಾಸನೆ. "ಬರೀ ಹಬೆ ಅದೋ ಮಾರಾಯಾ, ಹೊಗಿ ಅಲ್ಲ" ಎಂದಿದ್ದ. ನಮ್ಮ ದೇಶದಲ್ಲಿ ಇದರ ಮಾರಾಟಕ್ಕೆ ನಿಷೇಧವಿದೆ. ನಿಷೇಧವಿದ್ದದ್ದು ಅವನಿಗೆ ಹೇಗೆ ಸಿಕ್ಕಿತು ಎಂದು ಕೇಳುವ ಕುತೂಹಲ ಆಗ ನನಗೆ ಬರಲಿಲ್ಲ. ಬೇಕಾದದ್ದು ಸಿಕ್ಕಾಗ ಯಾರಿಗೆ ಬರುತ್ತದೆ?

ಇದರ ಒಂದು ವಿಚಿತ್ರ ಹೇಳುತ್ತೇನೆ. ಸಿಗರೇಟಿಗೆ ಕೊನೆ ಇದೆ. ಬೆರಳು ಸುಡುತ್ತದೆ, ಬಿಸಾಡುತ್ತೀರಿ. ಇದಕ್ಕೆ ಕೊನೆಯೇ ಇಲ್ಲ. ಸ್ಪೋರ್ಟ್ಸ್ ರೂಮಿನಲ್ಲಿ ಎರಡು ಎಳೆತ, ಬಚ್ಚಲಲ್ಲಿ ನಾಲ್ಕು, ಬಸ್ಸಿಗೆ ಕಾಯುತ್ತ ಮೂರು. ಯಾರಿಗೂ ಹೊಗೆಯ ವಾಸನೆ ಬರುವುದಿಲ್ಲ. ನನಗೂ ಲೆಕ್ಕ ಸಿಗುವುದಿಲ್ಲ.

ಸೀಟಿ ಕೈಕೊಟ್ಟ ವಾರವೇ ಕಲಬುರಗಿಗೆ ಹೋಗಿ ಎದೆ ಡಾಕ್ಟರಿಗೆ ತೋರಿಸಿದೆ. ಅಲ್ಲೊಂದು ಮಷೀನು. ಕೊಳವೆ ಬಾಯಲ್ಲಿಟ್ಟು ಊದಬೇಕು. "ಊದ್ರಿ, ಊದ್ರಿ, ಊದ್ರಿ, ಇನ್ನಾ ಊದ್ರಿ!" ಎಂದು ಟೆಕ್ನಿಶಿಯನ್ ಹೆಣ್ಣುಮಗಳು ಕೂಗಿದಳು. ಮೈದಾನದಲ್ಲಿ ನಾನು ಕೂಗುವ ಹಾಗೆಯೇ! ಮೂರನೇ ಸಲಕ್ಕೆ ಕಣ್ಣಿಗೆ ಕತ್ತಲೆ ಬಂತು.

ಡಾಕ್ಟರ್ ಕಾಗದ ನೋಡಿದರು. ಉಸಿರಿನ ಕೊಳವೆಗಳು ಕಿರಿದಾಗಿವೆ ಎಂದರು. ಇನ್‌ಹೇಲರ್ ಬರೆದರು. ಆಮೇಲೆ, "ಬೀಡಿ, ಸಿಗರೇಟು?"

"ಬಿಟ್ಟು ಎರಡು ವರ್ಷ ಆತ್ರಿ."

"ವೆರಿ ಗುಡ್" ಎಂದರು.

ಸುಳ್ಳು ಹೇಳಿದೆನೆ? ಇಲ್ಲ. ನಿಜ ಹೇಳಿದೆನೆ? ಅದೂ ಇಲ್ಲ. ಕೇಳಿದ ಪ್ರಶ್ನೆಗೆ ಸರಿಯಾಗಿ ಉತ್ತರ ಕೊಟ್ಟು ಪೂರ್ತಿ ಮೋಸ ಮಾಡಬಹುದು ಎಂಬುದು ನನಗೆ ಅವತ್ತು ತಿಳಿಯಿತು.

ಆಗ ನಮ್ಮ ಮನೆಯಲ್ಲಿ ಅತ್ತೆ ಇದ್ದರು. ನನ್ನ ಹೆಂಡತಿ ಸುವರ್ಣಾಳ ತಾಯಿ, ನಾಗಮ್ಮ. ಚಿಂಚೋಳಿ ಕಡೆಯ ಹಳ್ಳಿಯವರು. ಕಣ್ಣಿನ ಪೊರೆ ತೆಗೆಸಿಕೊಂಡು ವಿಶ್ರಾಂತಿಗೆ ಬಂದಿದ್ದರು. ನನ್ನೆದುರು ತಲೆಯ ಮೇಲಿನ ಸೆರಗು ಜಾರಗೊಡುವವರಲ್ಲ. ಅಳಿಯನ ಹೆಸರು ಹಿಡಿದು ಕರೆಯುವವರೂ ಅಲ್ಲ, 'ಮಾಸ್ತರ್ರೆ' ಎನ್ನುತ್ತಿದ್ದರು. ಆದರೆ ಹೊಸ ಕಣ್ಣು ಬಂದದ್ದೇ ತಡ, ಮನೆಯ ಒಂದೊಂದು ಸಾಮಾನನ್ನೂ ಎತ್ತಿ, ತಿರುಗಿಸಿ, 'ಇದು ಯಾತಕ್ಕ?' ಎಂದು ಕೇಳುತ್ತಿದ್ದರು. ಮಿಕ್ಸರ್, ಚಾರ್ಜರ್, ಫ್ರಿಜ್ಜಿನೊಳಗಿನ ದೀಪ, ಎಲ್ಲದರ ವಿಚಾರಣೆ ಆಗಿತ್ತು.

ಒಂದು ರವಿವಾರ ಮಧ್ಯಾಹ್ನ. ಸುವರ್ಣಾ ಮನೆಯಲ್ಲಿರಲಿಲ್ಲ. ಅತ್ತೆ ನನ್ನ ಪ್ಯಾಂಟು ತೊಳೆಯಲು ಹಾಕುವ ಮುಂಚೆ ಜೇಬು ಖಾಲಿ ಮಾಡಿ, ಎರಡು ಕೈಯಲ್ಲಿ ಎರಡು ಸಾಮಾನು ಹಿಡಿದು ಪಡಸಾಲೆಗೆ ಬಂದರು. ಒಂದರಲ್ಲಿ ಇನ್‌ಹೇಲರ್. ಇನ್ನೊಂದರಲ್ಲಿ ವೇಪ್.

"ಮಾಸ್ತರ್ರೆ, ಇದು ದಮ್ಮಿನ ಔಷಧ. ನನಗ ಗೊತ್ತದ. ಇದೇನ್ರಿ?"

"ಅದೂ... ಔಷಧನೇ ರಿ ಅತ್ತಿ."

"ಹೌದಾ? ಎರಡರಾಗ ಮೊದಲು ಯಾವುದು ತಗೋಬೇಕ್ರಿ?"

ಅವರು ಮೂಸಿ ನೋಡಿದರು. "ಮಾವಿನ್ಹಣ್ಣಿನ ವಾಸನಿ! ಔಷಧಕ್ಕ ಇಷ್ಟು ಚಂದ ವಾಸನಿ ಇರ್ತದೇನು? ನನಗೂ ನಾಕ್ ದಿನದಿಂದ ಕೆಮ್ಮದ..."

"ಬ್ಯಾಡ್ರಿ ಅತ್ತಿ!" ಎಂದು ನಾನು ಏಳುವುದರೊಳಗೆ ಎಳೆದೇಬಿಟ್ಟರು.

ಕೆಮ್ಮು ಬಂತು ನೋಡಿ! ಕಂಬ ಹಿಡಿದು ಕುಸಿದರು. ಕಣ್ಣಲ್ಲಿ ನೀರು. ಪೊರೆ ತೆಗೆಸಿ ಇನ್ನೂ ತಿಂಗಳಾಗಿರಲಿಲ್ಲ. ಕೆಮ್ಮಿ ಕಣ್ಣಿಗೇನಾದರೂ ಆದರೆ? ನೀರು ಕುಡಿಸಿದೆ, ಬೆನ್ನು ತಿಕ್ಕಿದೆ. (ಅಳಿಯ ಅತ್ತೆಯ ಬೆನ್ನು ಮುಟ್ಟುವುದೆಂದರೆ ನಮ್ಮ ಕಡೆ ಸಣ್ಣ ಮಾತಲ್ಲ.) ಐದು ನಿಮಿಷ ಕಣ್ಣು ಮುಚ್ಚಿ ಕೂತರು. ಆಮೇಲೆ ಮೆಲ್ಲಗೆ ಅಂದರು:

"ಇದು ಔಷಧ ಅಲ್ಲರಿ. ಇದರಾಗ ತಂಬಾಕದ."

"ಹ್ಯಾಂಗ ಗೊತ್ತಾತ್ರಿ?"

"ತಲಿಗಿ ಹತ್ತಿತು. ನಲವತ್ತು ವರ್ಷದಿಂದ ಹತ್ತಿಸ್ಕೋತ ಬಂದಾಕಿಗಿ ಗೊತ್ತಾಗಂಗಿಲ್ಲೇನು?"

ಹೇಳಿದ ಮೇಲೆ ತಾವೇ ಸೆರಗು ಬಾಯಿಗೆ ಇಟ್ಟುಕೊಂಡರು. ಬಾಯಿಬಿಟ್ಟಾಗಿತ್ತು.

ಅವರದು ಮಿಶ್ರಿ. ತಂಬಾಕನ್ನು ಹೆಂಚಿನ ಮೇಲೆ ಕರಕಾಗಿ ಹುರಿದು ಮಾಡಿದ ಪುಡಿ. ಹಲ್ಲಿಗೆ, ಒಸಡಿಗೆ ತಿಕ್ಕುವುದು. ಬಾಣಂತನದಲ್ಲಿ ಹಲ್ಲು ನೋವೆಂದು ಯಾರೋ ಕೊಟ್ಟಿದ್ದಂತೆ. ಹಲ್ಲು ನೋವು ಎಂಟು ದಿನಕ್ಕೆ ಹೋಯಿತು. ಪುಡಿ ಹೋಗಲಿಲ್ಲ. ನಾನು ಮೂರ್ಖ, ದಿನಕ್ಕೆ ನಾಲ್ಕು ಸಲ ಹಲ್ಲುಜ್ಜುವ ಅತ್ತೆ ಎಂದು ಸ್ಟಾಫ್ ರೂಮಿನಲ್ಲಿ ಅವರ ಶಿಸ್ತನ್ನು ಹೊಗಳಿದ್ದೆ!

ಇಬ್ಬರೂ ಸುವರ್ಣಾಳೊಬ್ಬಳಿಗೇ ಹೆದರುವವರು. ಹೀಗಾಗಿ ಒಪ್ಪಂದ ಬೇಗ ಆಯಿತು. ನನ್ನ ವೇಪ್ ಅವರ ಟ್ರಂಕಿನಲ್ಲಿ. ಅವರ ಮಿಶ್ರಿ ಡಬ್ಬಿ ನಮ್ಮ ಶಾಲೆಯ ಕಪಾಟಿನಲ್ಲಿ, ಶಾಟ್‌ಪುಟ್ ಗುಂಡುಗಳ ಹಿಂದೆ. ಸೋಮವಾರದಿಂದ ಬಂದ್.

"ಬಿಟ್ರ ಏನಾಗ್ತದೋ ನೋಡೇಬಿಡಾಣ್ರಿ" ಎಂದರು ಅತ್ತೆ. ಹೆದರಿಕೆಗಿಂತ ಅವರ ದನಿಯಲ್ಲಿ ಉಮೇದೇ ಹೆಚ್ಚಿತ್ತು.

ಏನಾಯಿತು? ಮೊದಲ ಮೂರು ದಿನ ನಾನು ಎಂಟನೇ ಕ್ಲಾಸಿಗೆ ಕಾರಣವಿಲ್ಲದೆ ಮೈದಾನ ಸುತ್ತಿಸಿದೆ. ಅತ್ತೆ ಹಾಲಿನವನ ಜೊತೆ ಜಗಳ ತೆಗೆದರು. ಸಂಜೆ ಇಬ್ಬರೂ ಬಡೇಸೋಪಿನ ಕಾಳು ಅಗಿಯುತ್ತ ಕಾಗಿಣಾ ಹೊಳೆಯ ಸೇತುವೆಯ ಕಡೆ ನಡೆಯುವುದು, ವರದಿ ಒಪ್ಪಿಸುವುದು. "ನನಗ ಇವತ್ತು ಅಳು ಬಂತ್ರಿ. ಯಾಕಂತ ತಿಳೀಲಿಲ್ಲ. ನಿಮಗ?" ಎಂದು ಕೇಳುತ್ತಿದ್ದರು. ನನಗೂ ಬಂದಿತ್ತು. ಅಳಿಯ ಅತ್ತೆಗೆ ಇಂಥದ್ದು ಹೇಳುವುದುಂಟೆ? ಹೇಳಿದೆ. ಅತ್ತೆ ಅಳಿಯ ಎಂಬ ಮರ್ಯಾದೆಯಲ್ಲೇ ಹದಿನೈದು ವರ್ಷ ಕಳೆದ ನಾವು ಮೊದಲ ಸಲ ಮನಸ್ಸು ಬಿಚ್ಚಿ ಮಾತಾಡಿದ್ದೇ ಆ ರಸ್ತೆಯಲ್ಲಿ.

ಒಂಬತ್ತನೇ ದಿನ ನಾನು ಬಿದ್ದೆ.

ಶಹಾಬಾದಿನಲ್ಲಿ ಪಂದ್ಯ ಇತ್ತು. ವಾಡಿಯಲ್ಲಿ ರೈಲು ಬದಲಿಸುವಾಗ ಇನ್ನೊಬ್ಬ ಪಿ.ಟಿ. ಮಾಸ್ತರ ಜೊತೆಯಾದ. ಮಧ್ಯಾಹ್ನ, ಮೈದಾನದ ಹಿಂದೆ ಕಲ್ಲು ಪಾಲಿಶ್ ಮಾಡುವ ಓಣಿಯಲ್ಲಿ ನಿಂತು, ಜೇಬಿನಿಂದ ತನ್ನ ವೇಪ್ ತೆಗೆದು ಕೊಟ್ಟ. 'ಒಂದೇ' ಎಂದುಕೊಂಡೆ. ಆರು ಎಳೆದಿರಬೇಕು. ಓಣಿ ತುಂಬ ಕಲ್ಲಿನ ಬಿಳಿ ಧೂಳು. ಎದೆ ಹಿಡಿಯಿತು. ಗಾಳಿ ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಇನ್‌ಹೇಲರ್ ಬ್ಯಾಗಿನಲ್ಲಿ, ಬ್ಯಾಗು ಮೈದಾನದಲ್ಲಿ. ಆ ಮಾಸ್ತರ ಅದನ್ನು ತರಲು ಓಡಿದ.

ಅಷ್ಟು ಹೊತ್ತು ನನ್ನನ್ನು ಜೋಡಿಸಿಟ್ಟ ಕಲ್ಲುಹಾಸುಗಳ ಮೇಲೆ ಕೂರಿಸಿ, ಹೆಗಲು ಹಿಡಿದು ನಿಂತವರು ಒಬ್ಬ ಮುದುಕರು. ಪಾಲಿಶ್ ಕೆಲಸದವರು. ರೆಪ್ಪೆಯ ಮೇಲೂ ಧೂಳು. "ಮುಂದಕ್ಕ ಬಾಗ್ರಿ. ತುಟಿ ಸಣ್ಣ ಮಾಡಿ ಬಿಡ್ರಿ, ದೀಪ ಆರಿಸಿದಂಗ. ಸಾವಕಾಶ" ಎಂದರು. ಮಾಡಿದೆ. ಇನ್‌ಹೇಲರ್ ಬಂತು. ಜೀವ ಬಂತು.

"ನಿಮಗ ಹ್ಯಾಂಗ ಗೊತ್ರಿ ಇದು?"

"ನನಗೂ ಇದೇ ಜಡ್ಡು ಅದರಿ. ಬೀಡಿ ಮುಟ್ಟಿಲ್ಲ ನಾ. ಧೂಳು." ಆ ಮಾಸ್ತರನ ವೇಪ್ ಇದ್ದ ಜೇಬಿನ ಕಡೆ ನೋಡಿದರು. "ನಮ್ಮದು ಹೊಟ್ಟಿ ಸಲುವಾಗಿ ಧೂಳು ರಿ ಸಾಹೇಬ್ರ. ನಿಮ್ಮದು ಯಾತರ ಸಲುವಾಗಿ?"

ಕುಹಕವಿರಲಿಲ್ಲ. ನಿಜಕ್ಕೂ ತಿಳಿಯಬೇಕೆಂದೇ ಕೇಳಿದ್ದರು.

ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ನೆಲ ನೋಡುತ್ತ, "ಆರನೇ ದಿನ ನಾ ಬಾಜೂ ಮನಿಯಾಕಿ ಕಡಿ ಚಿಟಿಕಿ ಇಸ್ಕೊಂಡಿದ್ದೆ ರಿ. ನಿಮಗ ಹೇಳಿರಲಿಲ್ಲ" ಎಂದರು. "ಖರೇ ಮಾತು ಡಾಕ್ಟರಿಗಾದ್ರೂ ಹೇಳಾಣ ನಡ್ರಿ."

ಇಬ್ಬರೂ ಹೋದೆವು. ಸುವರ್ಣಾಳಿಗೆ ಕಣ್ಣಿನ ತಪಾಸಣೆ ಎಂದು ಹೇಳಿದ್ದೆವು.

ಡಾಕ್ಟರ್ ಕೇಳಿಸಿಕೊಂಡು, "ಇದನ್ನು ಮೊದಲೇ ಹೇಳಬೇಕಿತ್ತು. ಆದರೆ ನಾನೂ ಕೇಳಬೇಕಿತ್ತು" ಎಂದರು. ಎಷ್ಟು ಮಂದಿ ಡಾಕ್ಟರು ಹೀಗೆ ಅನ್ನುತ್ತಾರೆ? ನನಗೆ ನಿಕೋಟಿನ್ ಗಮ್ಮು ಬರೆದು, ಹಂತಹಂತವಾಗಿ ಕಮ್ಮಿ ಮಾಡುತ್ತ ಬಿಡುವ ದಾರಿ ಹೇಳಿದರು. ಅತ್ತೆ ನಡುವೆ ಬಾಯಿ ಹಾಕಿದರು.

"ಡಾಕ್ಟರ್ರೆ, ಹೋದ ಪುಪ್ಪುಸ ವಾಪಸ್ ಬರ್ತದೇನ್ರಿ?"

"ಹೋದದ್ದು ಬರೂದಿಲ್ಲಮ್ಮ. ಇದ್ದದ್ದು ಉಳಿಸ್ಕೋಬಹುದು."

ಆಮೇಲೆ ಟಾರ್ಚ್ ಹಿಡಿದು ಅತ್ತೆಯ ಬಾಯಿ ನೋಡಿದರು. ಕೆನ್ನೆಯ ಒಳಗೆ ಬಿಳಿ ಕಲೆ. ದಂತವೈದ್ಯರ ಬಳಿ ಕಳಿಸಿದರು. ಅವರು ಸಣ್ಣ ಚೂರು ತೆಗೆದು ಪರೀಕ್ಷೆಗೆ ಕೊಟ್ಟರು. ಎಂಟು ದಿನ ಕಾಯಬೇಕು.

ಇನ್ನು ಮುಚ್ಚಿಡುವಂತಿರಲಿಲ್ಲ. ಸಂಜೆ ಸುವರ್ಣಾಳನ್ನು ಕೂರಿಸಿ ಇಬ್ಬರೂ ಹೇಳಿದೆವು. ಅವಳು ಆಶಾ ಕಾರ್ಯಕರ್ತೆ. ಪೂರ್ತಿ ಕೇಳಿ, ಎದ್ದು, ತನ್ನ ಮನೆ ಭೇಟಿಯ ಪುಸ್ತಕ ತಂದಳು.

"ಮನಿ ಮನಿಗಿ ಹೋಗಿ ತಂಬಾಕು ಯಾರ್ ತಗೋತೀರಿ ಅಂತ ಕೇಳ್ತೀನಿ. ನಮ್ಮ ಮನಿ ಹೆಸರಿನ ಮುಂದ 'ಇಲ್ಲ' ಅಂತ ಬರದೀನಿ, ನೋಡ್ರಿ. ನಿಮ್ಮಿಬ್ಬರನ್ನ ಒಂದ ಸಲಾನೂ ಕೇಳಲಿಲ್ಲ ನಾ." "ನೀವಿಬ್ಬರೂ ಕೂಡಿ ನನಗೊಬ್ಬಾಕಿಗೇ ಮುಚ್ಚಿಟ್ರಿ."

ಎರಡು ದಿನ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಮಾತ್ರ, ಅದೂ ಜರಾ ಜೋರಾಗಿಯೇ. ಮೂರನೇ ದಿನ ಪುಸ್ತಕ ಮೇಜಿನ ಮೇಲೆ ತೆರೆದಿತ್ತು. 'ಇಲ್ಲ' ಹೊಡೆದುಹಾಕಿ, ಮೇಲೆ ಬರೆದಿದ್ದಳು: 'ಇಬ್ಬರು. ಬಿಡುತ್ತಿದ್ದಾರೆ.'

ರಿಪೋರ್ಟ್ ಬಂತು. ಸದ್ಯಕ್ಕೆ ಕ್ಯಾನ್ಸರ್ ಅಲ್ಲ. ಮೂರು ತಿಂಗಳಿಗೊಮ್ಮೆ ತೋರಿಸಬೇಕು, ಪುಡಿ ಮುಟ್ಟಬಾರದು. ಅತ್ತೆ ರಿಪೋರ್ಟನ್ನು ತಲೆಕೆಳಗೆ ಹಿಡಿದೇ ಬಹಳ ಹೊತ್ತು ನೋಡಿದರು. ಓದು ಬಾರದು. ಆದರೆ ನೋಡುವುದು ಬಿಡಲಿಲ್ಲ.

ಈಗ ಐದು ತಿಂಗಳಾಯಿತು. ನಾನು ಮೊದಲಿನಂತೆ ಓಡಲಾರೆ, ಓಡುವ ಆಸೆಯನ್ನೂ ಇಟ್ಟುಕೊಂಡಿಲ್ಲ. ಗಮ್ಮು ನಿಂತಿದೆ, ಇನ್‌ಹೇಲರ್ ಇದೆ. ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲುವುದು ತಪ್ಪಿದೆ. ಅತ್ತೆ ಚಿಂಚೋಳಿಗೆ ಹೋಗಿದ್ದಾರೆ. ಅಲ್ಲಿಯ ನೆರೆಹೊರೆಯ ನಾಲ್ವರು ಹೆಂಗಸರ ಬಾಯಿಗೆ ಟಾರ್ಚ್ ಹಿಡಿದು ನೋಡಿದರೆಂದು ಸುದ್ದಿ.

ಸ್ಟಾಫ್ ರೂಮಿನಲ್ಲಿ ಎಲ್ಲರೂ "ಬಿಟ್ರೇನ್ರಿ?" ಎಂದು ಕೇಳುತ್ತಾರೆ. "ಬಿಟ್ಟೆ" ಎನ್ನುತ್ತೇನೆ. ಮಾತು ಮುಗಿಯುತ್ತದೆ. ಅತ್ತೆ ಮಾತ್ರ ರವಿವಾರಕ್ಕೊಮ್ಮೆ ಫೋನ್ ಮಾಡಿ ಬೇರೆಯೇ ಕೇಳುತ್ತಾರೆ: "ಮಾಸ್ತರ್ರೆ, ಈ ವಾರ ಎಷ್ಟು ಸಲ ನೆನಪಾತ್ರಿ?"

"ಮೂರು ಸಲ ರಿ ಅತ್ತಿ."

"ನನಗ ಐದು" ಎನ್ನುತ್ತಾರೆ. ಆಮೇಲೆ ಒಂದೊಂದೂ ಯಾವಾಗ, ಎಲ್ಲಿ, ಯಾಕೆ ಎಂದು ಇಬ್ಬರೂ ಅರ್ಧ ತಾಸು ಮಾತಾಡುತ್ತೇವೆ.

ಬಿಟ್ಟವರನ್ನು ನೀವು ಏನೆಂದು ಕೇಳುತ್ತೀರಿ?